ಸಮಾಜಸೇವೆಯಲ್ಲ, ಅದು ರಾಜಕಾರಣವೇ

ಯುದ್ಧಕಾಲದಲ್ಲಿ ಗಟ್ಟಿಯಾಗಿ ಮಾತಾಡಿದ ಲೇಖಕಿಯರು ಶಾಂತಿ ಬಂದೊಡನೆ ರಾಜಕೀಯ ಬಿಟ್ಟು ಸೇವೆಗೆ ಸರಿದರೆಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಅದಕ್ಕೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನೇ ಉದಾಹರಣೆ ಕೊಟ್ಟಿರುವುದು ಅನ್ಯಾಯ. 1926ರಲ್ಲೇ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತವರು ಅವರು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡವರು. ಎರಡನೇ ಮಹಾಯುದ್ಧದ ಹೊತ್ತಿಗೆ ಚೀನಾ, ಜಪಾನ್, ಅಮೆರಿಕ ಸುತ್ತಿ ಬಂದು, ಯುದ್ಧದಲ್ಲಿ ಜರ್ಜರಿತವಾದ ಚೀನಾದ ಬಗ್ಗೆ ಪುಸ್ತಕವನ್ನೇ ಬರೆದರು. ಬ್ರಿಟಿಷರನ್ನು ವಿರೋಧಿಸುತ್ತಲೇ ಜಪಾನಿನ ಸಾಮ್ರಾಜ್ಯದಾಹವನ್ನೂ ಒಪ್ಪದಿರುವುದು ಆಗ ಸುಲಭದ ನಿಲುವಾಗಿರಲಿಲ್ಲ.

ವಿಭಜನೆಯ ನಿರಾಶ್ರಿತರಿಗಾಗಿ 1948ರಲ್ಲಿ ಅವರು ಕಟ್ಟಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ದಾನ ಹಂಚುವ ಸಂಸ್ಥೆಯೂ ಅಲ್ಲ. ವಾಯವ್ಯ ಗಡಿ ಪ್ರಾಂತ್ಯದಿಂದ ಬರಿಗೈಯಲ್ಲಿ ಬಂದವರು ಫರೀದಾಬಾದಿನಲ್ಲಿ ಗುತ್ತಿಗೆದಾರರಿಗೆ ಕಾಯದೆ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಕೆಲಸ ಯಾರದು, ಕೂಲಿ ಯಾರಿಗೆ, ತೀರ್ಮಾನ ಯಾರ ಕೈಯಲ್ಲಿ ಎಂಬುದನ್ನು ಬದಲಿಸುವುದು ರಾಜಕೀಯವಲ್ಲದೆ ಮತ್ತೇನು? ಮಂತ್ರಿಗಿರಿಯಿಲ್ಲದೆ ಅಧಿಕಾರವೆಲ್ಲಿ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ, ಫರೀದಾಬಾದಿನ ಸಹಕಾರ ಪ್ರಯೋಗ ಸರ್ಕಾರಿ ಇಲಾಖೆಗಳ ಹಿಡಿತಕ್ಕೆ ಸಿಕ್ಕಿ ಸೊರಗಿದ್ದೂ ನಿಜ. ಆದರೆ ಸೋತ ರಾಜಕಾರಣವೂ ರಾಜಕಾರಣವೇ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ಧನಗೌಡ ಪಾಟೀಲರನ್ನು ನಾವು ಸಹಕಾರ ಚಳವಳಿಯ ಪಿತಾಮಹ ಎಂದು ಗೌರವಿಸುತ್ತೇವೆ. ಅದೇ ದಾರಿಯಲ್ಲಿ ನಡೆದ ಹೆಣ್ಣುಮಗಳನ್ನು ರಾಜಕೀಯದಿಂದ ಹೊರಗಿಡಲು ಲೇಖಕರ ಬಳಿ ಇರುವ ಕಾರಣವೇನು?

ಸುಬ್ರಹ್ಮಣ್ಯಪುರ, ಬೆಂಗಳೂರು