ಮಡ್ಡಿಯೊಳಗ ಗಿಡ ಹಚ್ಚಬ್ಯಾಡ್ರಿ

ಕಳೆದ ಡಿಸೆಂಬರ್‌ನ ಒಂದು ರವಿವಾರ ನಾವಿಬ್ಬರು ಶಿಕ್ಷಕರು, ಒಂಬತ್ತನೆಯ ತರಗತಿಯ ಐದು ಮಕ್ಕಳು ಬಾಡಿಗೆ ಜೀಪು ಮಾಡಿಕೊಂಡು ಹಕ್ಕಿ ನೋಡಲು ಹೊರಟೆವು. ಬೆಳಿಗ್ಗೆ ಸೋಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದ ನಾನ್ನಜ್ ಹುಲ್ಲುಗಾವಲು, ಮಧ್ಯಾಹ್ನದ ಮೇಲೆ ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರು.

"ಸರ್, ಇಳಿದು ನಡಕೋತ ಹೋದ್ರ ಇನ್ನೂ ಛಲೋ ಕಾಣಸ್ತಾವಲ್ರೀ?" ಅಂತ ಒಬ್ಬಳು ಕೇಳಿದಳು. ಇಲ್ಲ. ಬಯಲಿನ ಹಕ್ಕಿಗೆ ನಡೆದುಬರುವ ಮನುಷ್ಯನ ಆಕಾರ ಕಂಡರೆ ಭಯ. ನಿಂತ ಗಾಡಿಯನ್ನು ಅದು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಜಿನ್ ಬಂದ್ ಮಾಡಿ, ಕಿಟಕಿಯ ಮೇಲೆ ಮೊಣಕೈ ಊರಿ ದುರ್ಬೀನು ಹಿಡಿದು ಸುಮ್ಮನೆ ಕೂತೆವು. ಹತ್ತು ನಿಮಿಷಕ್ಕೆ ಗೌಜಲ ಹಕ್ಕಿಗಳು ದಾರಿಗೇ ಬಂದವು. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬಂದ ಹ್ಯಾರಿಯರ್ ಗಿಡುಗವೊಂದು ಮಿಡತೆ ಹುಡುಕುತ್ತ ಹುಲ್ಲಿನ ತುದಿಗೆ ತಾಗುವ ಹಾಗೆ ತೇಲಿತು. ದೂರದಲ್ಲಿ ಚಿಗರಿ ಹಿಂಡು. ಒಂದು ಮಾತು: ಗಾಡಿ ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು. ಅಲ್ಲಿನ ಎಷ್ಟೋ ಹಕ್ಕಿಗಳು ನೆಲದ ಮೇಲೇ ತತ್ತಿ ಇಡುತ್ತವೆ.

ಎರೆಭೂತ ಕಾಣಲಿಲ್ಲ. ಮರಾಠಿಯಲ್ಲಿ ಮಾಳಢೋಕ ಅನ್ನುವ ಈ ಹಕ್ಕಿಗಾಗಿಯೇ 1979ರಲ್ಲಿ ಇಲ್ಲಿ ಅಭಯಾರಣ್ಯ ಆಯಿತು. ಗಂಡು 15 ಕಿಲೋದವರೆಗೆ ತೂಗುತ್ತದೆ, ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ತತ್ತಿ ಇಡುತ್ತದೆ. ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ಅದರ ಕಣ್ಣು ತಲೆಯ ಎರಡು ಪಕ್ಕಕ್ಕಿವೆ, ನೇರ ಎದುರಿನದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ.

ತಂತಿಯ ವಿಷಯ ನಮ್ಮ ಕೈಯಲ್ಲಿಲ್ಲ, ಬಿಡಿ. ಗಿಡದ ವಿಷಯ ಇದೆ. ಮಡ್ಡಿ ಅಂದರೆ ಬೀಳು ಭೂಮಿ ಅಂತ ನಾವು ತಿಳಿದಿದ್ದೇವೆ. ಸರಕಾರದ ಲೆಕ್ಕದಲ್ಲೂ ಎಷ್ಟೋ ಹುಲ್ಲುಗಾವಲು ಪಾಳುಭೂಮಿಯ ಪಟ್ಟಿಯಲ್ಲೇ ಇವೆ. ನನ್ನ ಅಭಿಪ್ರಾಯದಲ್ಲಿ ಇದು ದೊಡ್ಡ ತಪ್ಪು. ತೆಳು ಮಣ್ಣು, ಕಡಿಮೆ ಮಳೆಯ ನೆಲಕ್ಕೆ ಹುಲ್ಲೇ ಕಾಡು. ಅದರ ಬೇರು ಮಣ್ಣನ್ನು ಹಿಡಿದಿಡುತ್ತದೆ, ಕುರಿಗೂ ಚಿಗರಿಗೂ ಮೇವಾಗುತ್ತದೆ. ಅಲ್ಲಿ ಒತ್ತಾಗಿ ಮರ ಬೆಳೆಸಿದರೆ ಹುಲ್ಲಿಗೆ ಬಿಸಿಲು ಸಿಗದು, ತತ್ತಿ ಕದಿಯುವ ಕಾಗೆಗೆ ಕೂರಲು ಜಾಗ ಸಿಗುತ್ತದೆ. ದೂರದವರೆಗೆ ನೋಡಿ ಶತ್ರುವನ್ನು ತಿಳಿಯುವ ಎರೆಭೂತ ಅಂಥಲ್ಲಿ ನಿಲ್ಲುವುದಿಲ್ಲ.

ಉಜನಿಗೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ರಾಜಹಂಸಗಳು ತಲೆ ಕೆಳಗೆ ಮಾಡಿ, ಕೊಕ್ಕಿನಿಂದ ಕೆಸರುನೀರು ಸೋಸುತ್ತಿದ್ದವು. ಅವುಗಳ ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿ, ಸಣ್ಣ ಜೀವಿಗಳಿಂದ. ನೂರಾರು ಮಂದಿ ದೋಣಿಯಲ್ಲಿ ಕೂತು ಫೋಟೋ ಹೊಡೆಯುತ್ತಿದ್ದರು. ನಾನ್ನಜ್‌ನಲ್ಲಿ ನಮ್ಮದೊಂದೇ ಗಾಡಿ ಇತ್ತು!

ಮರಳುವಾಗ ಕತ್ತಲಲ್ಲಿ ಹಿಂದಿನಿಂದ ಒಬ್ಬ ಕೇಳಿದ, "ಸರ್, ಹಂಗಾರ ನಾವು ಸಾಲಿ ಹಿಂದಿನ ಮಡ್ಡಿಯೊಳಗ ಬೇವಿನ ಗಿಡ ಹಚ್ಚಿದ್ದು?"

ಎರಡು ವರ್ಷದ ಹಿಂದೆ ಪರಿಸರ ದಿನಕ್ಕೆ ಗುಂಡಿ ತೋಡಿಸಿದವನು ನಾನೇ. ಅವತ್ತು ಒಂದು ಟಿಟ್ಟಿಭ ನಮ್ಮ ತಲೆಯ ಮೇಲೆ ಸುತ್ತುತ್ತ ಒಂದೇ ಸಮ ಕೂಗುತ್ತಿತ್ತು. ಮಕ್ಕಳು ನಕ್ಕಿದ್ದರು, ನಾನೂ ನಕ್ಕಿದ್ದೆ. ಈ ಜೂನ್‌ನಲ್ಲಿ ಸಸಿಗಳನ್ನು ರಸ್ತೆಯ ಬದಿಗೆ, ಸಾಲಿಯ ಗೋಡೆಗುಂಟ ಹಚ್ಚೋಣ ಅಂತ ಹೆಡ್‌ಮಾಸ್ತರರಿಗೆ ಹೇಳಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ.