ಪ್ರಯೋಗಶಾಲೆಯ ಪ್ರಮಾಣಪತ್ರ: ಒಂದು ಲೆಕ್ಕಾಚಾರ

ಬಿ.ಎ. ಕೊನೆಯ ವರುಷಕ್ಕೆ ಬಂದವನನ್ನು ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಎದುರಾದವರೆಲ್ಲ ಕೇಳುವದು ಒಂದೇ ಪ್ರಶ್ನೆ: "ಮುಂದೇನ್ ಮಾಡಾಂವ ತಮ್ಮಾ?" ಅದಕ್ಕೆ ಉತ್ತರವೂ ಅಲ್ಲಿಯೇ ಗೋಡೆಯ ಮೇಲೆ ಅಂಟಿಸಿರುತ್ತದೆ. ಒಂದೇ ವರುಷದಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿರಿ, ಯಾವ ವಿಭಾಗದವರೂ ಸೇರಬಹುದು, ನೌಕರಿ ನೂರಕ್ಕೆ ನೂರು. ಅಂಥದೊಂದು ಹಳದಿ ಕಾಗದವನ್ನು ನಮ್ಮ ತಂದೆಯವರು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಗೆ ತಂದರು. ಅವರಿಗೆ ಓದಲು ಬಾರದು. ಪಾನ್ ಅಂಗಡಿಯವನು ಓದಿ ಹೇಳಿದ್ದನಂತೆ.

"ಆರು ತಿಂಗಳ ಗುಳಿಗಿ ನುಂಗಿ ಎದ್ದಾಂವ ನಾನು. ಪುಣ್ಯೇದ ಕೆಲಸ ಅದು. ನೀ ಅದನ್ನ ಕಲಿ" ಎಂದರು.

ಅವರ ಮಾತಿಗೆ ಕಾರಣವಿದೆ. ತಂದೆಯವರು ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಹೊರುವವರು. ನಾನು ಪಿ.ಯು.ಸಿ.ಯಲ್ಲಿದ್ದಾಗ ಅವರಿಗೆ ಕೆಮ್ಮು, ಸಂಜೆ ಜ್ವರ ಹತ್ತಿದವು. ಒಂದು ಖಾಸಗಿ ಲ್ಯಾಬಿನವರು ಎರಡು ಸಲ ರಕ್ತ ತೆಗೆದು ಎರಡೂ ಸಲ ಟೈಫಾಯಿಡ್ ಎಂದು ಬರೆದುಕೊಟ್ಟರು. ವಿಡಾಲ್ ಎಂಬ ಆ ಪರೀಕ್ಷೆಯೊಂದನ್ನೇ ನಂಬಿ ನಿಶ್ಚಯ ಹೇಳಲು ಬಾರದೆಂದೂ, ಹಿಂದೆಂದೋ ಬಂದುಹೋದ ಜ್ವರಕ್ಕೂ ಅದು ಹೌದೆನ್ನಬಹುದೆಂದೂ ನಾನು ತಿಳಿದದ್ದು ಆಮೇಲೆ. ಎರಡು ತಿಂಗಳು ಔಷಧ ಕೊಂಡೆವು, ಮೈ ಅರ್ಧವಾಯಿತು. ಕೊನೆಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟೆವು. ಅಲ್ಲಿಯ ತಂತ್ರಜ್ಞೆಯೊಬ್ಬರು ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಹೇಳಿದರು. ನೀಲಿ ನೆಲದ ಮೇಲೆ ತೆಳ್ಳಗಿನ ಕೆಂಪು ಕಡ್ಡಿಗಳು. "ಇವೇ ನೋಡಪ್ಪಾ ನಿಮ್ಮಪ್ಪನ್ನ ತಿನ್ನಾಕತ್ತಿದ್ವು" ಎಂದರು. ಕ್ಷಯದ ಆ ಪರೀಕ್ಷೆಗೂ ಆರು ತಿಂಗಳ ಔಷಧಕ್ಕೂ ನಮ್ಮಿಂದ ಒಂದು ಪೈಸೆ ಹೋಗಲಿಲ್ಲ. ಆದ್ದರಿಂದ ಈ ವಿದ್ಯೆಯನ್ನು ಹೀನಾಯವಾಗಿ ಕಾಣುವವನು ನಾನಲ್ಲ. ಅದರ ಮೇಲೆ ನನಗೆ ಭಕ್ತಿಯೇ ಇದೆ. ನನ್ನ ತಕರಾರು ಆ ಹಳದಿ ಕಾಗದದ ಮೇಲೆ.

ಅರ್ಥಶಾಸ್ತ್ರದ ತರಗತಿಯಲ್ಲಿ ಗುರುಗಳು 'ಅವಕಾಶ ವೆಚ್ಚ'ವೆಂದು ಹಲಗೆಯ ಮೇಲೆ ಬರೆದಾಗ ನಾವೆಲ್ಲ ಅದನ್ನು ಐದು ಅಂಕದ ಪ್ರಶ್ನೆಯೆಂದೇ ಬಗೆದಿದ್ದೆವು. ಈಗ ಅದನ್ನು ಮನೆಗೆ ತಂದು ನೋಡೋಣ. ನನ್ನ ಸೋದರಮಾವನ ಮಗಳು ಇಂಥದೇ ಒಂದು ವರುಷದ ಪ್ರಮಾಣಪತ್ರ ಪಡೆದವಳು. ಆಕೆಯ ವಹಿಯಲ್ಲಿದ್ದ ಅಂಕಿಗಳು ಇವು: ಶುಲ್ಕ 35,000 ರೂಪಾಯಿ, ವಿಜಯಪುರದಲ್ಲಿ ಕೋಣೆ ಮತ್ತು ಊಟಕ್ಕೆ ತಿಂಗಳಿಗೆ 4,500ರಂತೆ 54,000, ಬಿಳಿ ಅಂಗಿ, ಪುಸ್ತಕ, ಪರೀಕ್ಷಾ ಶುಲ್ಕ, ಊರಿಗೆ ಬಂದುಹೋದದ್ದು ಎಲ್ಲ ಸೇರಿ 6,000. ಒಟ್ಟು 95,000. ಅದರಲ್ಲಿ 60,000 ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಸಾಲ. ಈಗ ಆಕೆಯ ಸಂಬಳ ತಿಂಗಳಿಗೆ 8,000. ಬಡ್ಡಿ 1,200, ಅಸಲಿಗೆ 4,000 ಕೊಟ್ಟರೆ ಕೈಯಲ್ಲಿ ಉಳಿಯುವದು 2,800. ಹೀಗೆ ಹದಿನೈದು ತಿಂಗಳು ಕಟ್ಟಬೇಕು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತೆಂದು ಇಷ್ಟಾದರೂ ಉಳಿಯಿತು.

ಗಂಡುಹುಡುಗನಾದರೆ ಲೆಕ್ಕ ಇನ್ನೂ ಕೆಡುತ್ತದೆ. ನಮ್ಮ ಓಣಿಯ ಹುಡುಗರು ಗೋವಾಕ್ಕೋ ಮಂಗಳೂರಿಗೋ ಹೋಗುವದನ್ನು ಬಿಡಿ. ಊರಲ್ಲಿಯೇ ಗೌಂಡಿಯ ಕೈಕೆಳಗೆ ನಿಂತರೂ ದಿನಕ್ಕೆ 450 ಸಿಗುವದು. ತಿಂಗಳಿಗೆ ಇಪ್ಪತ್ತು ದಿನವೆಂದರೆ 9,000, ವರುಷಕ್ಕೆ 1,08,000. ಕಲಿಯುವ ವರುಷದಲ್ಲಿ ಈ ಗಳಿಕೆಯೂ ಹೋಯಿತಷ್ಟೆ. ಎರಡೂ ಕೂಡಿ 2,03,000 ರೂಪಾಯಿ ಸುರಿದು, ಕೊನೆಗೆ ಕಲ್ಲು ಹೊರುವವನಿಗಿಂತ ತಿಂಗಳಿಗೆ ಒಂದು ಸಾವಿರ ಕಡಿಮೆ ತರುವ ನೌಕರಿ!

ಇಷ್ಟು ಬರೆದು ನಾನು ಗೆದ್ದೆನೆಂದು ಆಕೆಗೆ ತೋರಿಸಿದೆ. ಆಕೆ ನಕ್ಕಳು. "ನಾ ಕಲೀಲಿಕ್ಕೆ ಹೋಗದಿದ್ರ ಆ ವರ್ಷನ ನನ್ನ ಲಗ್ನಾ ಮಾಡ್ತಿದ್ರು. ಅದನ್ನ ಎಲ್ಲಿ ಹಿಡದೀಯೋ?" ಎಂದಳು. ನಿಜವಾಗಿಯೂ ಅದನ್ನು ನಾನು ಎಲ್ಲಿಯೂ ಹಿಡಿದಿರಲಿಲ್ಲ. ಬಿಸಿಲು, ಬೆನ್ನುನೋವು, ನಲವತ್ತೈದಕ್ಕೆ ಮುದುಕನಾಗುವದು, ಇವುಗಳನ್ನೂ ಹಿಡಿದಿರಲಿಲ್ಲ. ಚೀಲ ಹೊರುವವರ ಮಗನಾಗಿ ಈ ಮರೆವು ನನಗೆ ಶೋಭಿಸುವಂಥದಲ್ಲ. ಆಕೆಯ ಮಟ್ಟಿಗೆ ಆ 95,000 ನಷ್ಟವೆನ್ನಲು ಈಗ ನನಗೆ ಧೈರ್ಯವಿಲ್ಲ.

ಆದರೂ ಹಣಕ್ಕಿಂತ ದೊಡ್ಡದಾದ ಒಂದು ತೊಡಕು ಉಳಿಯುವದು. ಆರೋಗ್ಯ ಕ್ಷೇತ್ರದ ಇಂಥ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲಿ ಒಂದು ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿದೆ. ವೈದ್ಯಕೀಯ ಪ್ರಯೋಗಶಾಲೆಯ ಕೆಲಸವೂ ಅದರೊಳಗೆ ಬರುವದು. ಆ ಕಾಯಿದೆಯ ಪ್ರಕಾರ ಈ ವೃತ್ತಿಯವನೆನ್ನಿಸಿಕೊಳ್ಳಲು ಡಿಪ್ಲೊಮಾ ಅಥವಾ ಪದವಿ ಬೇಕು, ಅದರ ಕಲಿಕೆ ಎರಡರಿಂದ ನಾಲ್ಕು ವರುಷಗಳಲ್ಲಿ ಹರಡಿದ 2,000 ಗಂಟೆಗೆ ಕಡಿಮೆ ಇರಬಾರದು. ಒಂದು ವರುಷದ ಪ್ರಮಾಣಪತ್ರ ಈ ಅಳತೆಗೆ ಹೇಗೆ ಸಿಕ್ಕೀತು? ನಮ್ಮ ತಂದೆಯವರ ಕಫವನ್ನು ಕಂಡ ಕಣ್ಣಿಗೂ, ಎರಡು ಸಲ ಟೈಫಾಯಿಡ್ ಬರೆದ ಕೈಗೂ ಇರುವ ಅಂತರ ಈ ಗಂಟೆಗಳಲ್ಲಿಯೇ ಇದೆಯೆಂದು ನಾನು ನಂಬುತ್ತೇನೆ.

'ಕಲಿತು ಸ್ವಂತ ಲ್ಯಾಬ್ ಹಾಕಿದರಾಯಿತು' ಎನ್ನುವ ಮಿತ್ರರೂ ಇದ್ದಾರೆ. ಲ್ಯಾಬ್ ತೆರೆಯಲು ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಮೇರೆಗೆ ನೋಂದಣಿ ಆಗಬೇಕು. ವರದಿಗೆ ಸಹಿ ಮಾಡುವವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿಯುಳ್ಳ ನೋಂದಾಯಿತ ವೈದ್ಯರೇ ಆಗಿರಬೇಕೆಂದು ಸುಪ್ರೀಮ್ ಕೋರ್ಟು 2017ರಲ್ಲಿ ಹೇಳಿದೆ. ಹಳದಿ ಕಾಗದದಲ್ಲಿ ಇದಕ್ಕೆ ಸ್ಥಳ ಸಾಲಲಿಲ್ಲವೆಂದು ತೋರುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು? ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ. ನಡೆದುಬಂದ ಪದ್ಧತಿಯಲ್ಲಿ ಅದು ಎಸ್.ಎಸ್.ಎಲ್.ಸಿ. ಆದವರಿಗೆ ಮೂರು ವರುಷ, ವಿಜ್ಞಾನದ ಪಿ.ಯು.ಸಿ. ಆದವರಿಗೆ ಎರಡು ವರುಷ. ಇಲ್ಲಿ ಕಲಾ ವಿಭಾಗದವರಾದ ನಮ್ಮ ಪಾಡು ನೋಡಿರಿ: ಪಿ.ಯು.ಸಿ.ಯ ಎರಡು, ಬಿ.ಎ.ಯ ಮೂರು, ಹೀಗೆ ಐದು ವರುಷ ಓದಿದ ಮೇಲೆ ಮತ್ತೆ ಎಸ್.ಎಸ್.ಎಲ್.ಸಿ.ಯ ಅಂಕಪಟ್ಟಿ ಹಿಡಿದು, ಹದಿನಾರರ ಹುಡುಗರ ಸಾಲಿನಲ್ಲಿ ನಿಲ್ಲಬೇಕು. (ಸರಕಾರದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500 ಎಂದು ಗೊತ್ತುಮಾಡಿದ್ದಾರೆ. ಕೆಲಸವಿಲ್ಲದಿರುವಾಗ ಮಾತ್ರ ನಮ್ಮ ಬೆಲೆ ಇಮ್ಮಡಿ!)

ನಾನು ವಿಚಾರಿಸಿದ ಕಾಲೇಜೊಂದರಲ್ಲಿ ವರುಷಕ್ಕೆ 40,000 ಶುಲ್ಕ ಹೇಳಿದರು. ಮೂರು ವರುಷದ ಶುಲ್ಕ, ಕೋಣೆ, ಊಟ, ಇತರ ವೆಚ್ಚ ಸೇರಿ 3,00,000 ಆಗುವದು. ಆದರೆ ಮಾನ್ಯತೆ ಪಡೆದ ಕೋರ್ಸಾದರೆ ಹಿಂದುಳಿದ ವರ್ಗಗಳ ವಸತಿಗೃಹಕ್ಕೂ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ವಸತಿಗೃಹ ಸಿಕ್ಕರೆ ಕೋಣೆ, ಊಟದ 1,62,000 ಉಳಿದು, ವೆಚ್ಚ 1,38,000ಕ್ಕೆ ಇಳಿಯುವದು. ನಮ್ಮೂರಿನವನೇ ಒಬ್ಬ ಈ ಡಿಪ್ಲೊಮಾ ಮುಗಿಸಿ ವಿಜಯಪುರದಲ್ಲಿ 14,000ಕ್ಕೆ ಸೇರಿದ್ದಾನೆ. ವಾರಕ್ಕೆ ಎರಡು ರಾತ್ರಿ ಪಾಳಿ. ಅರಮನೆಯೇನೂ ಅಲ್ಲ. ಆದರೆ ಸರಕಾರಿ ಹುದ್ದೆಗೆ ಕರೆದಾಗ ಅರ್ಜಿ ಹಾಕುವ ಅರ್ಹತೆ ಅವನಿಗಿದೆ, ನನ್ನ ಮಾವನ ಮಗಳಿಗೆ ಇಲ್ಲ.

ನಮ್ಮ ಪ್ರಾಧ್ಯಾಪಕರಲ್ಲಿ ಒಂದು ವಿನಂತಿ. ಬೋರ್ಡಿನ ಮಾನ್ಯತೆ ಇರುವ ನಮ್ಮ ಜಿಲ್ಲೆಯ ಸಂಸ್ಥೆಗಳ ಹೆಸರನ್ನು ಕಾಲೇಜಿನ ಸೂಚನಾ ಫಲಕಕ್ಕೆ ಪ್ರತಿ ಜೂನ್ ತಿಂಗಳಲ್ಲಿ ಹಚ್ಚಿಸಬೇಕು. ಕಾಲೇಜಿಗೆ ತಗಲುವ ವೆಚ್ಚ ಒಂದು ಹಾಳೆ ಕಾಗದ. ನಮ್ಮ ಮನೆಗಳಲ್ಲಿ ಇಂಥ ವಿಷಯ ಕೇಳಲು ಕಲಿತ ಹಿರಿಯರಿಲ್ಲ; ಪಾನ್ ಅಂಗಡಿಯವನೇ ನಮಗೆ ಸಲಹೆಗಾರ. ಅದರಂತೆಯೇ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದು ಧಾರವಾಡಕ್ಕೆ ಗಂಟುಕಟ್ಟಿರುವ ನನ್ನ ಸಹಪಾಠಿಗಳೂ ಇದೇ ವಹಿಯಲ್ಲಿ ತಮ್ಮದೊಂದು ಪುಟ ಬರೆದು ನೋಡಲಿ. ಅಲ್ಲಿಯೂ ಕೋಣೆಯ ಬಾಡಿಗೆ ತಪ್ಪದು.

ನಾನಂತೂ ಆ ಒಂದು ವರುಷಕ್ಕೆ ಸೇರುವದಿಲ್ಲ. ನನ್ನ ತಂಗಿ ಈ ವರುಷ ಎಸ್.ಎಸ್.ಎಲ್.ಸಿ.ಯಲ್ಲಿದ್ದಾಳೆ, ಲೆಕ್ಕದಲ್ಲಿ ನನಗಿಂತ ಚುರುಕು. ಮನೆಯಲ್ಲಿ ಸಾಲ ಮಾಡುವದೇ ನಿಜವಾದರೆ ಅದು ಅವಳ ವಿಜ್ಞಾನದ ಪಿ.ಯು.ಸಿ.ಗೂ ಅದರ ಮುಂದಿನ ಎರಡು ವರುಷಕ್ಕೂ ಆಗಲಿ ಎಂದು ತಂದೆಯವರಿಗೆ ಹೇಳಿದ್ದೇನೆ. ವಿಜಯಪುರ 80 ಕಿಲೋಮೀಟರು ಸುಮಾರು. ಎರಡು ವೈದ್ಯಕೀಯ ಕಾಲೇಜುಗಳಿರುವ ಊರು, ಕಲಿಯಲು ದೂರ ಹೋಗಬೇಕಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹೆಣ್ಣಮಗಳ ಮ್ಯಾಲೆ ಅಷ್ಟು ರೊಕ್ಕಾ?" ಎಂದರು. ಪರೀಕ್ಷೆ ಮಾಡಿ ಅವರ ರೋಗ ಕಂಡುಹಿಡಿದವರೂ ಹೆಣ್ಣುಮಗಳೇ ಅಲ್ಲವೇ ಎಂದು ನಾನೆಂದೆ. ಹಳದಿ ಕಾಗದವನ್ನು ಅವರು ಇನ್ನೂ ಹರಿದುಹಾಕಿಲ್ಲ. ಅದರ ಹಿಂಬದಿಯಲ್ಲಿ ನನ್ನ ಲೆಕ್ಕವಿದೆ, ತಂಗಿ ಅದನ್ನು ಒಮ್ಮೆ ಕೂಡಿ ನೋಡಿ ಸರಿಯಿದೆಯೆಂದಿದ್ದಾಳೆ.