ಬೇಸಿಗೆಗೂ ಉಳಿಯುವ ಹಿಮ

ನಮ್ಮ ನೀಲಗಿರಿಯವರಿಗೆ ‘ಸೀಸನ್’ ಎಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಯಲುಸೀಮೆ ಕಾದ ಹೆಂಚಾದಾಗ ಉದಕಮಂಡಲದತ್ತ ಹರಿದುಬರುವ ಜನಪ್ರವಾಹಕ್ಕೆ ನಾವು ಇಟ್ಟಿರುವ ಹೆಸರು ಅದು. ಹಿಮದ ಬೆಟ್ಟಗಳಿಗೂ ಇಂಥದೊಂದು ಸೀಸನ್ ಉಂಟು. ಆದರೆ ಅಲ್ಲಿಗೆ ಹೋಗುವವರು ಸೆಕೆಗೆ ಬೆದರಿದವರಲ್ಲ. ಉದ್ದನೆಯ ಎರಡು ಪಟ್ಟಿಗಳನ್ನು ಕಾಲಿಗೆ ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟಕ್ಕೆ ಮನಸೋತವರು. ಉತ್ತರಗೋಳದ ಬಹುಪಾಲು ಬೆಟ್ಟಗಳಲ್ಲಿ ಈ ಆಟ ಚಳಿಗಾಲದ ಆರಂಭದಿಂದ ಏಪ್ರಿಲ್‌ವರೆಗೆ ನಡೆದು ಮುಗಿಯುತ್ತದೆ. ಕೆಲವು ಕಡೆ ಮಾತ್ರ ವಸಂತ ಕಳೆದು ಬೇಸಿಗೆ ಕಾಲಿಟ್ಟರೂ ಮುಗಿಯುವುದಿಲ್ಲ.

ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋಗಿಬಂದ ವಾಚಕರೊಬ್ಬರು, ಜೂನ್ ತಿಂಗಳ ಬಿಸಿಲಿನಲ್ಲಿ ತೆಳು ಅಂಗಿ ತೊಟ್ಟು ಹಿಮದ ಮೇಲೆ ಜಾರುತ್ತಿದ್ದವರನ್ನು ಕಂಡು ಬೆರಗಾಗಿ ನಮಗೆ ಬರೆದಿದ್ದಾರೆ. ಅಷ್ಟು ಬಿಸಿಲಿನಲ್ಲಿ ಹಿಮ ನಿಲ್ಲುವುದು ಹೇಗೆ, ನಿಂತರೂ ಕೆಸರಾಗದೆ ಇರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಎರಡನೆಯದಕ್ಕೆ ಮೊದಲು ಉತ್ತರಿಸೋಣ. ಅದರ ಸೂತ್ರ ನಮ್ಮ ಹಿತ್ತಲಲ್ಲೇ ಇದೆ. ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ನಮ್ಮ ಹುಲ್ಲುಗಾವಲು ಸುಣ್ಣ ಬಳಿದಂತೆ ಬೆಳ್ಳಗಾಗುವುದನ್ನೂ, ಆಲೂಗಡ್ಡೆಯ ಎಲೆ ಸುಟ್ಟಂತೆ ಕಪ್ಪಾಗುವುದನ್ನೂ ನಾವು ಕಂಡಿದ್ದೇವೆ. ಆಕಾಶದಲ್ಲಿ ಮೋಡವಿದ್ದ ರಾತ್ರಿ ಹೀಗಾಗುವುದಿಲ್ಲ. ನಕ್ಷತ್ರಗಳು ಸ್ವಚ್ಛವಾಗಿ ಕಾಣುವ ರಾತ್ರಿಯಲ್ಲೇ ಆಗುತ್ತದೆ. ನೆಲವು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುವುದೇ ಇದರ ಕಾರಣ. ವಸಂತದ ಹಿಮದ ಮೇಲೂ ಇದೇ ಕ್ರಿಯೆ ನಡೆಯುತ್ತದೆ. ಹಗಲಿನಲ್ಲಿ ಮೇಲ್ಪದರ ಕರಗಿ ತೇವವಾಗುತ್ತದೆ. ನಿರಭ್ರವಾದ ರಾತ್ರಿಯಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನದಿನವೂ ಕರಗಿ ಗಟ್ಟಿಯಾಗುತ್ತ ಚಳಿಗಾಲದ ಹಿಮದ ಸೂಕ್ಷ್ಮ ಹರಳುಗಳು ಅಳಿದು, ಸಾಬಕ್ಕಿಯಂಥ ದುಂಡು ಕಾಳುಗಳು ಮೂಡುತ್ತವೆ. ಇಂಗ್ಲಿಷಿನವರು ಇದಕ್ಕೆ ಕಾರ್ನ್ ಸ್ನೋ ಎನ್ನುತ್ತಾರೆ. ನಾವು ಕಾಳುಹಿಮ ಎಂದರೆ ತಪ್ಪಾಗಲಾರದು.

ಈ ಕಾಳುಹಿಮದ ಸುಖವೆಲ್ಲ ಹೊತ್ತನ್ನು ಅವಲಂಬಿಸಿದೆ. ಮುಂಜಾನೆ ಅದು ಕಲ್ಲಿನಂತೆ ಗಟ್ಟಿ. ಜಾರಿದರೆ ಹಲ್ಲು ಕಟಕಟಿಸುತ್ತದೆ, ಬಿದ್ದರೆ ಮೂಳೆಗೇ ಅಪಾಯ. ಬಿಸಿಲು ತಾಗಿ ಮೇಲಿನ ಒಂದೆರಡು ಅಂಗುಲ ಸಡಿಲವಾದಾಗ, ಕೆಳಗಿನ ಗಟ್ಟಿ ಪದರದ ಮೇಲೆ ಆ ಕಾಳುಗಳು ಉರುಳುವಂತಾದಾಗ, ಅನನುಭವಿಯ ಕಾಲೂ ಅನಾಯಾಸವಾಗಿ ತಿರುಗುತ್ತದೆಯಂತೆ. ಆ ಹೊತ್ತು ಒಂದೆರಡು ಗಂಟೆ ಮಾತ್ರ. ಬಲ್ಲವರು ಬೆಳಿಗ್ಗೆ ಪೂರ್ವಾಭಿಮುಖವಾದ ಇಳಿಜಾರನ್ನು ಹಿಡಿದು, ಸೂರ್ಯನ ಜೊತೆಗೇ ದಕ್ಷಿಣಕ್ಕೆ ಸರಿದು, ಕೊನೆಗೆ ಪಶ್ಚಿಮದ ಇಳಿಜಾರಿಗೆ ಬಂದು ಆಟ ನಿಲ್ಲಿಸುತ್ತಾರೆ. ಮಧ್ಯಾಹ್ನ ಮೀರಿದರೆ ಹಿಮವು ಗಂಜಿಯಂತಾಗಿ ಪಟ್ಟಿಗಳನ್ನು ಹಿಡಿದೆಳೆಯುತ್ತದೆ. ಕಡಿದಾದ ಎಡೆಗಳಲ್ಲಿ ನೀರು ಕುಡಿದ ಹಿಮ ಇಡಿಯಾಗಿ ಕುಸಿಯುವ ಭಯವೂ ಉಂಟು. ಮೋಡ ಮುಚ್ಚಿದ ರಾತ್ರಿಯ ಮರುದಿನವಂತೂ ಬೆಳಿಗ್ಗೆಯೇ ಗಂಜಿ.

ಇನ್ನು ಹಿಮ ನಿಲ್ಲುವುದು ಹೇಗೆ ಎಂಬ ಪ್ರಶ್ನೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಿರುಗಿಸಿಬಿಡುತ್ತದೆ. ಹಳೆಯ, ಧೂಳು ಕೂತ ಹಿಮ ಹೆಚ್ಚು ಹೀರಿ ಬೇಗ ಕರಗುತ್ತದೆ. ಎತ್ತರದ ತಂಪು ಒಂದು ಆಸರೆ. ಎಲ್ಲಕ್ಕಿಂತ ಮುಖ್ಯವಾದುದು ಶೇಖರಣೆಯ ದಪ್ಪ. ಸೀಸನ್ ದೀರ್ಘವಾಯಿತೆಂದರೆ ಆ ವರ್ಷದ ಬೇಸಿಗೆ ತಣ್ಣಗಿತ್ತು ಎಂದೇ ತಿಳಿಯಬೇಕಾಗಿಲ್ಲ. ಕರಗಿ ಮುಗಿಯಲಾರದಷ್ಟು ಹಿಮ ಮೊದಲೇ ಬಿದ್ದಿತ್ತು ಎಂದೂ ಆಗಬಹುದು.

ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಶ್ರೇಣಿಯ ಮ್ಯಾಮತ್ ಬೆಟ್ಟವೇ ಇದಕ್ಕೆ ಸಾಕ್ಷಿ. 11,053 ಅಡಿ ಎತ್ತರದ ಆ ಬೆಟ್ಟದಲ್ಲಿ 2022ರ ನವೆಂಬರ್‌ನಲ್ಲಿ ತೆರೆದ ಸೀಸನ್ 2023ರ ಆಗಸ್ಟ್ 6ರಂದು ಮುಚ್ಚಿತು. ಬುಡದ ಮುಖ್ಯ ವಸತಿಗೃಹದ ಬಳಿ ಆ ಚಳಿಗಾಲದಲ್ಲಿ ಬಿದ್ದ ಹಿಮದ ಒಟ್ಟು ಮೊತ್ತ 715 ಅಂಗುಲ, ಅಂದರೆ ಸುಮಾರು 60 ಅಡಿ. ಬಿದ್ದ ಹಿಮ ತನ್ನ ಭಾರಕ್ಕೇ ಅಮರಿಕೊಳ್ಳುವುದರಿಂದ ಒಂದೇ ಸಲಕ್ಕೆ ಅಷ್ಟು ದಪ್ಪ ನಿಂತಿತ್ತೆಂದು ಭಾವಿಸಬಾರದು. ಆದರೂ ತಂತಿಯ ಮೇಲೆ ತೂಗುವ ಕುರ್ಚಿಗಳು ಓಡಾಡುವ ದಾರಿಯನ್ನೇ ಅಗೆದು ಬಿಡಿಸಬೇಕಾಯಿತು!

ಹಿಮ ಉಳಿದಿದ್ದರೂ ಬಾಗಿಲು ಮುಚ್ಚುವ ತಾಣಗಳೇ ಹೆಚ್ಚು ಎಂಬುದು ಇದರ ಇನ್ನೊಂದು ಸೋಜಿಗ. ಏಪ್ರಿಲ್ ಕಳೆಯುತ್ತಲೇ ಪೇಟೆಯವರ ಮನಸ್ಸು ಸೈಕಲ್ಲು, ಕೈತೋಟ, ಕಡಲತೀರಗಳ ಕಡೆ ಹೊರಳುತ್ತದೆ. ಬೆಟ್ಟದ ಮೇಲೆ ಬೇಕಾದಷ್ಟು ಹಿಮ, ಕುರ್ಚಿಗಳಲ್ಲಿ ಮಾತ್ರ ಜನವಿಲ್ಲ. ಚಳಿಗಾಲಕ್ಕೆಂದು ಬಂದ ಕೂಲಿಯವರು ಊರಿಗೆ ತೆರಳಿರುತ್ತಾರೆ. ಯಂತ್ರಗಳ ರಿಪೇರಿಗೂ ಕಾಲ ಬೇಕು. ನಮ್ಮ ಊಟಿಯ ಅಂಗಡಿಯವನಿಗೆ ಈ ಲೆಕ್ಕ ವಿವರಿಸಬೇಕಾದುದೇ ಇಲ್ಲ.

ಹಿಮವನ್ನು ಹಿಡಿದಿಡುವ ಉಪಾಯಗಳೂ ಇವೆ. ಆರೆಗಾನಿನ ಮೌಂಟ್ ಹುಡ್ ಬೆಟ್ಟದಲ್ಲಿ ನಡೆಯುವ ಬೇಸಿಗೆಯ ತರಬೇತಿ ಶಿಬಿರಗಳಲ್ಲಿ ಹಿಮದ ಮೇಲೆ ಉಪ್ಪು ಎರಚುತ್ತಾರೆ. ಉಪ್ಪು ಬೆರೆತ ಹಿಮ ಕರಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುವುದರಿಂದ ಪಕ್ಕದ ಹಿಮ ಗಟ್ಟಿಯಾಗುತ್ತದೆ. ಕುಲ್ಫಿ ಮಾಡುವವನು ಮಂಜುಗಡ್ಡೆಗೆ ಉಪ್ಪು ಬೆರೆಸುವ ಗುಟ್ಟೂ ಇದೇ. ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಚಳಿಗಾಲದ ಹಿಮವನ್ನು ರಾಶಿ ಹಾಕಿ, ಮೇಲೆ ಮರದ ಪುಡಿಯನ್ನು ದಪ್ಪನಾಗಿ ಹೊದಿಸಿ, ಬೇಸಿಗೆಯಿಡೀ ಕಾಪಾಡಿ, ಮುಂದಿನ ಸೀಸನ್ನಿನ ಆರಂಭಕ್ಕೆ ಹರಡುತ್ತಾರೆ. ಈ ಮರದ ಪುಡಿಯ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ: 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಬಂದ ಮಂಜುಗಡ್ಡೆ ಸಮಭಾಜಕವೃತ್ತವನ್ನು ಎರಡು ಸಲ ದಾಟಿಯೂ ಉಳಿದಿತ್ತು. ಅದೇ ವ್ಯಾಪಾರಕ್ಕಾಗಿ ಕಟ್ಟಿದ ಐಸ್ ಹೌಸ್ ಮದ್ರಾಸಿನ ಕಡಲತೀರದಲ್ಲಿ ಇಂದಿಗೂ ನಿಂತಿದೆ.

ಆದರೆ ಉಪ್ಪೂ ಮರದ ಪುಡಿಯೂ ಒಂದು ಮಿತಿಯವರೆಗೆ ಮಾತ್ರ. ಬೊಲಿವಿಯದ ಚಕಲ್ತಾಯ, ಸುಮಾರು 5,300 ಮೀಟರು ಎತ್ತರದಲ್ಲಿ, ಜಗತ್ತಿನ ಅತ್ಯುನ್ನತ ಸ್ಕೀ ತಾಣವೆನಿಸಿತ್ತು. ಅದರ ಹಿಮನದಿ 2009ರ ಹೊತ್ತಿಗೆ ಪೂರ್ತಿ ಕರಗಿಹೋಯಿತು. ವರ್ಷವಿಡೀ ಹಿಮಜಾರಾಟ ನಡೆಯುವ ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಕೂಡ 2022ರ ಬೇಸಿಗೆಯಲ್ಲಿ ಕೆಲಕಾಲ ಆಟವನ್ನು ನಿಲ್ಲಿಸಬೇಕಾಯಿತು.

ಇಷ್ಟೆಲ್ಲ ಶ್ರೀಮಂತರ ವಿನೋದಕ್ಕಾಗಿಯೇ ಎಂದು ಕೆಲವರು ಮೂಗು ಮುರಿಯಬಹುದು. ಮ್ಯಾಮತ್ ತಾಣವನ್ನು ಕಟ್ಟಿ ಬೆಳೆಸಿದ ಡೇವ್ ಮೆಕಾಯ್ ಎಂಬವರ ಮೂಲ ವೃತ್ತಿಯನ್ನು ಅಂಥವರು ಗಮನಿಸಬೇಕು. ಅವರು ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯಲ್ಲಿ ಹಿಮ ಅಳೆಯುವ ನೌಕರರಾಗಿದ್ದರು. ಹಿಮದ ಹರವನ್ನು ಸ್ಕೀ ಮೇಲೆ ಸಂಚರಿಸಿ ಅಳೆದು, ಬೇಸಿಗೆಯಲ್ಲಿ ನಗರಕ್ಕೆ ಎಷ್ಟು ನೀರು ಇಳಿದೀತೆಂದು ತಿಳಿಯಲು ನೆರವಾಗುವುದು ಅವರ ಕೆಲಸ. ಮಳೆಯೆಲ್ಲ ಚಳಿಗಾಲದಲ್ಲೇ ಸುರಿದು ಬೇಸಿಗೆ ಒಣಗಿರುವ ಆ ಸೀಮೆಗೆ ಪರ್ವತದ ಹಿಮವೇ ಕೆರೆ. ನಮ್ಮ ಹಿರಿಯರು ಏರಿ ಕಟ್ಟಿ ನೀರು ನಿಲ್ಲಿಸಿದರು. ಅಲ್ಲಿ ಚಳಿಯೇ ಏರಿ ಕಟ್ಟುತ್ತದೆ. ಆ ಕೆರೆಯ ತೂಬು ನಿಧಾನವಾಗಿ ತೆರೆಯಬೇಕೆಂಬುದು ಕೆಳಗಿನ ಬೇಸಾಯಗಾರನ ಬಯಕೆ. ಹಿಮಜಾರಾಟದವನ ಬಯಕೆಯೂ ಅದೇ.

ಕೆರೆ ಬತ್ತುವುದೂ ಉಂಟು, ಕೋಡಿ ಬೀಳುವುದೂ ಉಂಟು. 2015ರ ಏಪ್ರಿಲ್ 1ರಂದು ಹಿಮ ಅಳೆಯುವ ಜಾಗಕ್ಕೆ ಬಂದ ಕ್ಯಾಲಿಫೋರ್ನಿಯದ ರಾಜ್ಯಪಾಲ ಜೆರಿ ಬ್ರೌನ್, ಸುಮಾರು 5 ಅಡಿ ಹಿಮ ಇರಬೇಕಾಗಿದ್ದ ಕಡೆ ಒಣಹುಲ್ಲಿನ ಮೇಲೆ ನಿಂತು, ನೀರಿನ ಬಳಕೆಗೆ ಕಡ್ಡಾಯ ಕಡಿತವನ್ನು ಘೋಷಿಸಬೇಕಾಯಿತು. ಎಂಟು ವರ್ಷಗಳ ತರುವಾಯ, 2023ರಲ್ಲಿ, ಮ್ಯಾಮತ್ತಿನಲ್ಲಿ ಜನ ಆಗಸ್ಟಿನವರೆಗೆ ಜಾರಿ ಆನಂದಿಸಿದ ವರ್ಷವೇ, ಅದೇ ಪರ್ವತಶ್ರೇಣಿಯ ಪಶ್ಚಿಮದ ಮಗ್ಗುಲಿನಿಂದ ಇಳಿದ ನದಿಗಳು ಮಳೆಯ ನೀರನ್ನೂ ಹಿಮದ ನೀರನ್ನೂ ಒಟ್ಟಿಗೆ ತಂದು ಸುರಿದವು. ಬಹುಕಾಲದ ಹಿಂದೆ ಬತ್ತಿಸಿ ಹೊಲ ಮಾಡಿದ್ದ ಟುಲೇರಿ ಸರೋವರ ಮತ್ತೆ ತುಂಬಿಕೊಂಡಿತು. ಹತ್ತಿ, ಟೊಮೇಟೊ ಬೆಳೆಯುತ್ತಿದ್ದ ಸಾವಿರಾರು ಎಕರೆ ನೆಲ ಮುಳುಗಿತು. ಆ ನೀರು ಇಂಗಿ ಇಳಿಯುವುದಕ್ಕೆ ಸ್ಕೀ ಸೀಸನ್ ಮುಗಿದ ಮೇಲೂ ಹಲವು ತಿಂಗಳು ಹಿಡಿಯಿತು.